ನಲವತ್ತೊಂಬತ್ತು ಗಂಟೆಯ ಶವಾಸನ

ಗೃಹಶಿಕ್ಷಣ ವಿಭಾಗದ ಮಾನ್ಯತಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನನ್ನ ಮಗಳಿಗೆ ಬೀಜಗಣಿತ ಬರುತ್ತದೆ. ನಿಮ್ಮ ಕಚೇರಿಯ ಮೊಹರಿನ ಪ್ರಕಾರ ಬರುವುದಿಲ್ಲ, ಏಕೆಂದರೆ ಅವಳು ಅದನ್ನು ಬೇಗ ಕಲಿತುಬಿಟ್ಟಳು. ನನ್ನ ದೂರು ಇಷ್ಟೇ. ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಕಡಿಮೆ ಹೊತ್ತಿನಲ್ಲಿ ಮುಗಿದ ಯಾವುದನ್ನೂ ನೀವು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಈಗ ನನಗೆ ಚೆನ್ನಾಗಿ ಗೊತ್ತಾಗಿರುವುದರಿಂದ ಉದ್ದಕ್ಕೆ ಬರೆಯುತ್ತಿದ್ದೇನೆ. ದಯವಿಟ್ಟು ಕುಳಿತೇ ಓದಿ. ನಿಂತು ಓದಿದರೆ ಓದಿದಂತಾಗುವುದಿಲ್ಲ ಎಂಬುದು ನಿಮ್ಮದೇ ನಿಯಮ.

ಮಾನ್ಯರೇ ಎಂದು ಬರೆಯುವುದು ರೂಢಿ, ಅದಕ್ಕಾಗಿ ಬರೆದಿದ್ದೇನೆ. ನಿಮ್ಮನ್ನು ಮಾನ್ಯ ಮಾಡಿದವರು ಯಾರು, ಅದಕ್ಕಾಗಿ ನೀವು ಎಲ್ಲಿ ಎಷ್ಟು ಗಂಟೆ ಕುಳಿತಿದ್ದಿರಿ ಎಂಬುದು ನನಗೆ ತಿಳಿಯದು.

ನಾನು ತಕ್ಕಡಿ ರಿಪೇರಿಯವಳು. ಇಪ್ಪತ್ತೊಂದು ವರ್ಷದಿಂದ ಇದೇ ಕಸುಬು. ತರಕಾರಿ ಅಂಗಡಿ, ಮೀನಿನ ಅಂಗಡಿ, ಔಷಧಿ ಅಂಗಡಿ, ಅಂಚೆ ಕಚೇರಿ, ಹೆರಿಗೆ ಆಸ್ಪತ್ರೆಯಲ್ಲಿ ಕೂಸುಗಳನ್ನು ಮಲಗಿಸಿ ತೂಗುವ ತಕ್ಕಡಿ, ಎಲ್ಲವೂ ಒಂದಲ್ಲ ಒಂದು ದಿನ ನನ್ನ ಮೇಜಿಗೆ ಬರುತ್ತವೆ. ಮಾರುಕಟ್ಟೆಯಲ್ಲಿ ನನ್ನನ್ನು ತಕ್ಕಡಿಯಮ್ಮ ಎನ್ನುತ್ತಾರೆ. ಅಂಗಡಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆಯೇ: ಒಂದು ಕಲ್ಲಿನ ಮೇಜು, ಗೋಡೆಯ ಮೊಳೆಗಳಲ್ಲಿ ನೇತಾಡುವ ತಟ್ಟೆಗಳು, ಪೆಟ್ಟಿಗೆಯೊಂದರ ಮಖಮಲ್ಲಿನ ಗುಳಿಗಳಲ್ಲಿ ಮಲಗಿರುವ, ಪರೀಕ್ಷೆಯ ತೂಕದ ಕಲ್ಲುಗಳು. ಆ ಕಲ್ಲುಗಳನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ, ಬೆರಳಿನ ಜಿಡ್ಡು ಕೂಡ ತೂಕಕ್ಕೆ ಬರುತ್ತದೆ. ಯಾವ ತಕ್ಕಡಿ ಬಂದರೂ ಮೊದಲು ಖಾಲಿ ತಟ್ಟೆಯಲ್ಲಿ ಮುಳ್ಳು ಸೊನ್ನೆಗೆ ನಿಲ್ಲುತ್ತದೆಯೇ ಎಂದು ನೋಡುತ್ತೇನೆ. ಅದು ಸರಿಯಾಗುವವರೆಗೆ ಮುಂದಿನ ಕೆಲಸವಿಲ್ಲ. ಇದನ್ನೆಲ್ಲ ಜಂಬಕ್ಕೆ ಹೇಳುತ್ತಿಲ್ಲ. ಈ ಕಸುಬಿನ ಚಾಳಿಯಿಂದಲೇ ನಿಮ್ಮ ಕಚೇರಿಯಲ್ಲಿ ನಾನೊಂದು ತಪ್ಪು ಮಾಡಿದೆ. ಅದು ಏನೆಂದು ಮುಂದೆ ಹೇಳುತ್ತೇನೆ.

ಮಗಳಿಗೆ ಹದಿನಾರು ವರ್ಷ. ಅವಳಿಗೆ ಮಾತು ತಡೆಯುತ್ತದೆ. ಕೆಲವು ಅಕ್ಷರಗಳ ಹೊಸ್ತಿಲಲ್ಲಿ ಅವಳು ಸ್ವಲ್ಪ ಹೊತ್ತು ನಿಲ್ಲಬೇಕು, ಆಮೇಲೆ ಒಳಗೆ ಹೋಗುತ್ತಾಳೆ. ಮನೆಯಲ್ಲಿ ಇದು ಯಾರಿಗೂ ತೊಂದರೆಯಲ್ಲ. ಶಾಲೆಯಲ್ಲಿ ಗಟ್ಟಿಯಾಗಿ ಓದಿಸುವ ಪರೀಕ್ಷೆ ಎಂದು ಒಂದಿತ್ತು. ಟೀಚರಮ್ಮ ಕೈಯಲ್ಲಿ ಗಡಿಯಾರ ಹಿಡಿದು, ಒಂದು ನಿಮಿಷಕ್ಕೆ ಎಷ್ಟು ಪದ ಓದಿದಳೆಂದು ಎಣಿಸುತ್ತಿದ್ದರು. ನಲವತ್ತು ಮಕ್ಕಳು ನೋಡುತ್ತಿದ್ದರು. ನನ್ನ ಮಗಳು ಒಂದು ನಿಮಿಷಕ್ಕೆ ಹನ್ನೊಂದು ಪದ ಓದಿದಳು. ಪ್ರಗತಿ ಪತ್ರದಲ್ಲಿ ‘ಓದಲು ಬಾರದು’ ಎಂದು ಬರೆದು ಕಳಿಸಿದರು. ಆ ಹೊತ್ತಿಗೆ ಅವಳು ಬೀದಿಯ ಗ್ರಂಥಾಲಯದ ಮಕ್ಕಳ ಕಪಾಟನ್ನು ಮುಗಿಸಿ ದೊಡ್ಡವರ ಕಪಾಟಿಗೆ ಕೈಹಾಕಿದ್ದಳು.

ಅದಾದ ಮೇಲೆ ಅವಳು ಕಷ್ಟದ ಅಕ್ಷರಗಳಿಂದ ಶುರುವಾಗುವ ಪದಗಳನ್ನೇ ಬಿಡತೊಡಗಿದಳು. ‘ತ’ ಎಂಬುದು ಅವಳಿಗೆ ಎಲ್ಲಕ್ಕಿಂತ ಕಷ್ಟ. ಒಂದು ದಿನ ಯಾರೋ ಬಾಗಿಲಿಗೆ ಬಂದು ಅಮ್ಮ ಏನು ಮಾಡುತ್ತಿದ್ದಾರೆ ಎಂದು ಕೇಳಿದರು. ಅವಳು "ಅದು… ಅದನ್ನ ರಿಪೇರಿ ಮಾಡ್ತಿದಾರೆ" ಎಂದಳು. ನಾನು ಒಳಗಿನಿಂದ ಕೇಳಿಸಿಕೊಂಡೆ. ನನ್ನ ಮಗಳು ನನ್ನ ಕಸುಬಿನ ಹೆಸರನ್ನು ಹೇಳುವುದನ್ನೇ ಬಿಟ್ಟಿದ್ದಳು. ಮರುವಾರ ಅವಳನ್ನು ಶಾಲೆಯಿಂದ ಬಿಡಿಸಿದೆ. ಮನೆಯಲ್ಲೇ ಓದಿಸಿ, ಮುಗಿಸಿದ ಒಂದೊಂದು ವಿಷಯಕ್ಕೂ ಪ್ರೌಢಶಾಲೆಯ ಕ್ರೆಡಿಟ್ ಪಡೆಯಬಹುದು ಎಂದು ನಿಮ್ಮದೇ ಕಚೇರಿಯ ಗೋಡೆಯ ಮೇಲೆ ಬರೆದಿತ್ತು. ಗಡಿಯಾರದ ಕಾಟದಿಂದ ತಪ್ಪಿಸಿಕೊಂಡೆವೆಂದು ನಾವು ತಾಯಿ ಮಗಳು ಅಂದುಕೊಂಡೆವು. ಎಂಥ ದಡ್ಡರು ನಾವು.

ಮೊದಲು ಪಠ್ಯಕ್ರಮ ಆರಿಸಬೇಕಾಯಿತು. ನಿಮ್ಮ ಅಂಗೀಕೃತ ಪಠ್ಯಕ್ರಮಗಳ ಪಟ್ಟಿಗೆ ಅರವತ್ತೆರಡು ಪುಟ. ಒಂದೊಂದರ ಎದುರಿಗೂ ಪ್ರಕಾಶಕರ ವಿಳಾಸ ಇದೆ, ಅದು ಯಾವ ಮಗುವಿಗೆ ಒಗ್ಗುತ್ತದೆ ಎಂಬ ಒಂದು ಅಕ್ಷರ ಇಲ್ಲ. ಬೀಜಗಣಿತಕ್ಕೆ ಮೂರನ್ನು ನೋಡಲೆಂದು ತರಿಸಿಕೊಂಡೆವು. ಒಂದು ವೀಡಿಯೊ ಪಾಠ. ಅದರಲ್ಲಿ ಒಬ್ಬ ಮನುಷ್ಯ ಬಸ್ಸು ತಪ್ಪುತ್ತದೆ ಎನ್ನುವವನಂತೆ ಮಾತಾಡುತ್ತಾನೆ, ನಡುನಡುವೆ "ಈಗ ನೀವೇ ಉತ್ತರ ಹೇಳಿ" ಎಂದು ಐದರವರೆಗೆ ಎಣಿಸುತ್ತಾನೆ. ಮಗಳು ಎರಡನೇ ಎಣಿಕೆಗೇ ಅದನ್ನು ಮುಚ್ಚಿಟ್ಟಳು. ಎರಡನೆಯದು ಒಂದು ಪೆಟ್ಟಿಗೆ. ಚಟಕ್ಕೆ ಅದನ್ನು ತೂಗಿದೆ, ಆರು ಕಿಲೋ ನಾನೂರು ಗ್ರಾಂ ಇತ್ತು. ಒಳಗೆ ನೂರೆಂಬತ್ತು ಲಕೋಟೆ, ದಿನಕ್ಕೊಂದು ಬಿಚ್ಚಬೇಕು, ಪ್ರತಿ ಲಕೋಟೆಯಲ್ಲೂ ‘ಶಭಾಷ್’ ಎಂಬ ಅಂಟುಚೀಟಿ. ಲೆಕ್ಕ ತಪ್ಪಿದರೂ ಶಭಾಷ್. ಅದನ್ನು ಮಾರಲು ಬಂದ ಯುವಕ ತುಂಬಾ ವಿನಯವಂತ.

"ಮೇಡಂ, ಇದರ ಜೊತೆ ದಿನಚರಿ ಕೂಡ ಬರುತ್ತೆ. ನೀವು ಏನೂ ಬರೆಯೋ ಹಾಗೇ ಇಲ್ಲ, ಗಂಟೆ ಎಲ್ಲಾ ನಾವೇ ತುಂಬಿಸಿರ್ತೀವಿ" ಎಂದ.

"ಹುಡುಗಿ ಓದೋದಕ್ಕೆ ಮುಂಚೇನೇನಪ್ಪಾ?"

"ಅದೇ ಅನುಕೂಲ, ಮೇಡಂ."

ಅವನು ತಮಾಷೆ ಮಾಡುತ್ತಿದ್ದಾನೆಂದು ನಗಾಡಿ ಕಳಿಸಿದೆ. ಆ ಪೆಟ್ಟಿಗೆ ನಿಮ್ಮ ಪಟ್ಟಿಯ ಮೊದಲನೇ ಪುಟದಲ್ಲಿದೆ. ನಾವು ಆರಿಸಿದ್ದು ನಲವತ್ತೊಂದನೇ ಪುಟದಲ್ಲಿದ್ದ ಒಂದು ತೆಳ್ಳನೆಯ ಪುಸ್ತಕ. ಬರೆದವರು ಯಾರೋ, ಅವರಿಗೆ ಬೀಜಗಣಿತ ಅಂದರೆ ಪ್ರೀತಿ. ಪ್ರತಿ ಅಧ್ಯಾಯದಲ್ಲೂ ಹೇಗೆ ಎನ್ನುವುದಕ್ಕೆ ಮೊದಲು ಯಾಕೆ ಎಂದು ಹೇಳುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಆ ಸುಮ್ಮನಿರುವುದು ಮಗಳಿಗೆ ಹಿಡಿಸಿತು. ನನಗೆ ತಿಳಿಯದ್ದನ್ನು ಕೇಳಲು ಎದುರು ಮನೆಯಲ್ಲಿ ನಿವೃತ್ತರಾದ ಗಣಿತದ ಮೇಷ್ಟ್ರಿದ್ದರು, ವಾರಕ್ಕೆರಡು ದಿನ ಬಂದು ನೋಡಿಹೋಗುತ್ತಿದ್ದರು.

ಇನ್ನು ದಿನಚರಿಯ ವಿಷಯ. ಒಂದು ಕ್ರೆಡಿಟ್ಟಿಗೆ ನೂರಿಪ್ಪತ್ತು ಗಂಟೆಗಳ ‘ಆಸನಾವಧಿ’ ಕಡ್ಡಾಯ ಎಂದು ನಿಮ್ಮ ಕೈಪಿಡಿ ಹೇಳುತ್ತದೆ. ಈ ಪದವನ್ನು ಯಾರು ಹುಟ್ಟಿಸಿದರೋ, ಅವರಿಗೆ ಒಂದು ನಮಸ್ಕಾರ. ನಮ್ಮ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಮಗಳು ಕೈಪಿಡಿಯನ್ನು ಓದಿ, "ಯಾವ ಆಸನ ಅಮ್ಮಾ? ಪ… ಪದ್ಮಾಸನಾನಾ, ಶವಾಸನಾನಾ?" ಎಂದು ಕೇಳಿದಳು. ಕುರ್ಚಿಯ ಮೇಲೆ ಕೂತಿರುವ ಹೊತ್ತು ಎಂದು ಮೇಷ್ಟ್ರು ಬಿಡಿಸಿ ಹೇಳಿದರು. ಮೂವರೂ ನಕ್ಕೆವು. ಆಮೇಲೆ ನಾನು ಹೊಸ ದಿನಚರಿ ತಂದು, ಕಸುಬಿನ ಚಾಳಿಯಂತೆ, ಅವಳು ಎಷ್ಟು ಹೊತ್ತಿಗೆ ಪುಸ್ತಕ ತೆರೆದಳು, ಎಷ್ಟು ಹೊತ್ತಿಗೆ ಮುಚ್ಚಿದಳು ಎಂದು ನಿಮಿಷಕ್ಕೆ ಸರಿಯಾಗಿ ಬರೆದಿಟ್ಟೆ. ಮುಳ್ಳು ಎಲ್ಲಿ ನಿಂತಿತೋ ಅದನ್ನೇ ಬರೆಯುವುದು ನನಗೆ ಗೊತ್ತಿರುವ ಒಂದೇ ಬರವಣಿಗೆ. ನಾನು ಮಾಡಿದ ತಪ್ಪು ಇದೇ, ಮಾನ್ಯರೇ.

ಬೀಜಗಣಿತ ಎಪ್ಪತ್ತೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಪುಸ್ತಕದ ಕೊನೆಯ ಲೆಕ್ಕದವರೆಗೂ ಮುಗಿಯಿತು. ಅದರಲ್ಲಿ ನಲವತ್ತು ನಿಮಿಷದ ಕಥೆಯನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ನನ್ನ ಹತ್ತಿರ ಒಂದು ಹಳೆಯ ಹಿತ್ತಾಳೆಯ ತಕ್ಕಡಿ ಇದೆ. ಅದರ ತೋಳು ಎಂದೋ ಮುರಿದು, ಯಾರೋ ಬೆಸುಗೆ ಹಾಕಿ, ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ ಆಗಿದೆ. ಖಾಲಿ ತಟ್ಟೆಯಲ್ಲಿ ಸಮವಾಗಿ ನಿಲ್ಲುತ್ತದೆ, ಸಾಮಾನು ಇಟ್ಟರೆ ಸುಳ್ಳು ಹೇಳುತ್ತದೆ. ಒಂದು ಸಕ್ಕರೆ ಚೀಲವನ್ನು ಎಡತಟ್ಟೆಯಲ್ಲಿಟ್ಟು ತೂಗಿದರೆ ಎಂಟುನೂರು ಗ್ರಾಂ, ಬಲತಟ್ಟೆಯಲ್ಲಿಟ್ಟು ತೂಗಿದರೆ ಸಾವಿರದ ಇನ್ನೂರೈವತ್ತು. ನಿಜವಾದ ತೂಕ ಎಷ್ಟು? ಎರಡನ್ನೂ ಕೂಡಿಸಿ ಅರ್ಧ ಮಾಡು, ಸಾವಿರದ ಇಪ್ಪತ್ತೈದು ಎಂದು ಗಟ್ಟಿಯಾಗಿಯೇ ಹೇಳಿಕೊಂಡೆ. ಇಪ್ಪತ್ತೊಂದು ವರ್ಷದಿಂದ ನಾನು ಹಾಗೇ ಮಾಡುತ್ತಿದ್ದೆ. ಮಗಳು ಅಡುಗೆಮನೆಯಿಂದ ಬಂದವಳು ಹಾಗೇ ನಿಂತಳು. ಕೂರಲಿಲ್ಲ. ಮೇಜಿನ ಕಲ್ಲಿನ ಮೇಲೇ ಸೀಮೆಸುಣ್ಣದಲ್ಲಿ ಒಂದು ತೋಳಿಗೆ ಒಂದು ಅಕ್ಷರ, ಇನ್ನೊಂದಕ್ಕೆ ಇನ್ನೊಂದು ಅಕ್ಷರ ಇಟ್ಟುಕೊಂಡು ಸಮೀಕರಣ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೊನೆಗೆ, "ಕೂಡಿಸೋದಲ್ಲ ಅಮ್ಮಾ, ಗುಣಿಸಿ ವರ್ಗಮೂಲ ತೆಗೀಬೇಕು. ಸರಿಯಾಗಿ ಸಾವಿರ" ಎಂದಳು. ಒಂದು ಸಲವೂ ತಡೆಯಲಿಲ್ಲ. ಸಕ್ಕರೆ ಚೀಲವನ್ನು ಒಳ್ಳೆಯ ತಕ್ಕಡಿಯ ಮೇಲಿಟ್ಟೆ. ಸರಿಯಾಗಿ ಸಾವಿರ. ನನ್ನ ಕಸುಬಿನಲ್ಲಿ ನನ್ನ ತಪ್ಪನ್ನು ನನ್ನ ಮಗಳು ಹಿಡಿದಿದ್ದಳು. ನನಗೆ ಅಳು ಬಂತು, ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ದಿನಚರಿಯಲ್ಲಿ ‘ನಲವತ್ತು ನಿಮಿಷ, ಅಂಗಡಿಯ ಮೇಜಿನ ಹತ್ತಿರ, ನಿಂತುಕೊಂಡು’ ಎಂದು ಬರೆದೆ.

ಇದೆಲ್ಲವನ್ನೂ ಕಟ್ಟಿಕೊಂಡು ಮಗಳೊಂದಿಗೆ ನಿಮ್ಮ ಕಚೇರಿಯ ಮೂರನೇ ಕಿಟಕಿಗೆ ಬಂದೆ. ಒಟ್ಟು ಇಪ್ಪತ್ತನಾಲ್ಕು ಕ್ರೆಡಿಟ್ ಬೇಕು, ನಿಜವಾಗಿಯೇ ನೂರಿಪ್ಪತ್ತು ಗಂಟೆ ದಾಟಿದ ಇಪ್ಪತ್ತಮೂರು ಆಗಿದ್ದವು. ಬೀಜಗಣಿತದ್ದೇ ಕೊನೆಯದು. ಕಿಟಕಿಯ ಗುಮಾಸ್ತರು ಒಳ್ಳೆಯ ಮನುಷ್ಯರು, ಅವರ ಮೇಲೆ ನನಗೆ ಸಿಟ್ಟಿಲ್ಲ.

"ಇದೇನಮ್ಮಾ, ಎಪ್ಪತ್ತೊಂದು ಗಂಟೆ ಇಪ್ಪತ್ತು ನಿಮಿಷ?"

"ಅಷ್ಟೇ ಆಗಿದ್ದು, ಸರ್."

"ನೂರಿಪ್ಪತ್ತು ಆಗ್ಬೇಕಲ್ಲ."

"ಪುಸ್ತಕ ಮುಗೀತು, ಸರ್. ಬೇಕಿದ್ರೆ ಈಗಲೇ ಏನಾದ್ರೂ ಕೇಳಿ. ಇಲ್ಲೇ ಇದಾಳೆ."

ಅವರು ಕನ್ನಡಕದ ಮೇಲಿನಿಂದ ಮಗಳನ್ನು ನೋಡಿದರು, ಯಾರೋ ಮರೆತುಹೋದ ಕೊಡೆಯನ್ನು ನೋಡುವಂತೆ. "ಕೇಳೋ ಅಧಿಕಾರ ನಮಗಿಲ್ಲಮ್ಮ. ಗಂಟೆ ನೋಡೋದಷ್ಟೇ ನಮ್ಮ ಕೆಲಸ" ಎಂದರು. ಮುಂದೆ ಪುಟ ತಿರುಗಿಸಿ, "ಇಲ್ಲಿ ನಿಂತುಕೊಂಡು ಅಂತ ಯಾಕೆ ಬರ್ದ್ರಿ?" ಎಂದು ಕೇಳಿದರು.

"ನಿಂತಿದ್ಲು, ಸರ್."

"ಆಸನಾವಧಿ ಅಂದ್ರೆ ಕೂತಿರಬೇಕು. ಇದನ್ನ ಕಳೀಬೇಕಾಗುತ್ತೆ."

ಹೀಗೆ ಎಪ್ಪತ್ತು ಗಂಟೆ ನಲವತ್ತು ನಿಮಿಷ ಉಳಿಯಿತು. ನಲವತ್ತೊಂಬತ್ತು ಗಂಟೆ ಇಪ್ಪತ್ತು ನಿಮಿಷ ಕಡಿಮೆ ಬಿತ್ತು. ಆ ಪುಸ್ತಕದಲ್ಲಿ ಅವಳು ನಿಜವಾಗಿ ಏನನ್ನಾದರೂ ಕಂಡುಹಿಡಿದ ಹೊತ್ತು ಯಾವುದಿತ್ತೋ ಅದನ್ನೇ ಹುಡುಕಿ ಕಳೆದಿರಿ. ಮಗಳಿಗೆ ಉಳಿದದ್ದು ಏನು? ಬರುವ ಲೆಕ್ಕಗಳನ್ನೇ ಎದುರಿಗಿಟ್ಟುಕೊಂಡು ನಲವತ್ತೊಂಬತ್ತು ಗಂಟೆ ಇಪ್ಪತ್ತು ನಿಮಿಷ ಕುರ್ಚಿಯ ಮೇಲೆ ಸುಮ್ಮನೆ ಇರುವುದು. ಅವಳು ಕೇಳಿದ ಪ್ರಶ್ನೆಗೆ ಅಲ್ಲಿಗೆ ಉತ್ತರ ಸಿಕ್ಕಿತು. ನೀವು ಹೇಳುವ ಆಸನ ಶವಾಸನವೇ.

ಇನ್ನೊಂದು ಚೋದ್ಯ ಕೇಳಿ. ಭಾಷಾ ವಿಷಯದಲ್ಲಿ ‘ಗಟ್ಟಿ ಓದು’ ಎಂದು ಒಂದು ಕ್ರೆಡಿಟ್ ಇದೆಯಲ್ಲ, ಅದರಲ್ಲಿ ನನ್ನ ಮಗಳ ಗಂಟೆಗಳು ನೂರೆಂಬತ್ತೆಂಟು. ಬೇರೆ ಮಕ್ಕಳಿಗೆ ಹತ್ತು ನಿಮಿಷವಾಗುವ ಪುಟಕ್ಕೆ ಅವಳಿಗೆ ಮೂವತ್ತು ನಿಮಿಷ ಬೇಕು, ಆದ್ದರಿಂದ. ಶಾಲೆಯ ಗಡಿಯಾರ ಅವಳಿಗೆ ಓದಲು ಬಾರದು ಎಂದಿತು. ನಿಮ್ಮ ಗಡಿಯಾರದ ಪ್ರಕಾರ ಅವಳು ಗಟ್ಟಿಯಾಗಿ ಓದುವುದರಲ್ಲಿ ಈ ಊರಿಗೇ ಮೊದಲನೆಯವಳು. ಎರಡೂ ಅವಳ ನಾಲಿಗೆಯನ್ನೇ ಅಳೆದದ್ದು, ಅವಳು ಏನು ಓದಿದಳು ಎಂದು ಎರಡೂ ಕೇಳಲಿಲ್ಲ. ಅಲ್ಲಿ ಹೆಚ್ಚಾದ ಅರವತ್ತೆಂಟು ಗಂಟೆಯಲ್ಲಿ ನಲವತ್ತೊಂಬತ್ತನ್ನು ಇಲ್ಲಿಗೆ ಹಾಕಿಕೊಳ್ಳಿ ಎಂದು ನಾನು ಕುಹಕಕ್ಕೆ ಹೇಳಿದೆ. ಗುಮಾಸ್ತರು ಅದನ್ನು ನಿಜವಾಗಿ ತೆಗೆದುಕೊಂಡು, ಎದ್ದು ಹೋಗಿ, ನಿಯಮ ನೋಡಿ ಬಂದು, "ವಿಷಯ ಬದಲಾಯಿಸೋದಕ್ಕೆ ಬರಲ್ಲಮ್ಮ" ಎಂದರು. ಆಮೇಲೆ ಕಿಟಕಿಗೆ ಮುಖ ಹತ್ತಿರ ತಂದು ದನಿ ತಗ್ಗಿಸಿದರು.

"ಯಾರಾದ್ರೂ ನಿಜವಾದ ಗಂಟೆ ಬರೀತಾರೇನಮ್ಮಾ? ಹದಿಮೂರು ವರ್ಷದಿಂದ ಈ ಕಿಟಕೀಲಿ ಕೂತಿದೀನಿ. ನೂರಿಪ್ಪತ್ತಕ್ಕಿಂತ ಕಡಿಮೆ ಅಂಕಿ ನೋಡ್ತಿರೋದು ಇದೇ ಮೊದಲು. ಹೊಸದೊಂದು ದಿನಚರಿ ಬರ್ಕೊಂಡು ಬನ್ನಿ."

ದಿನಚರಿಯ ಮೇಲೆ ‘ಅಮಾನ್ಯ’ ಎಂದು ಮೊಹರು ಒತ್ತಿ ಕೊಟ್ಟರು. ಮೊಹರಿನ ಮಸಿ ಇನ್ನೂ ಹಸಿಯಿತ್ತು, ನನ್ನ ಹೆಬ್ಬೆರಳಿಗೆ ಹತ್ತಿತು.

ಮಾನ್ಯರೇ, ತೂಗುವವಳಾಗಿ ಒಂದು ಮಾತು ಕೇಳುತ್ತೇನೆ. ಒಂದು ಕಿಲೋ ಆಲೂಗಡ್ಡೆಯನ್ನು ತಕ್ಕಡಿಯ ಮೇಲೆ ಒಂದು ನಿಮಿಷ ಇಟ್ಟರೂ ಒಂದು ಕಿಲೋ, ಬೆಳಗಿನಿಂದ ಸಂಜೆಯವರೆಗೆ ಇಟ್ಟರೂ ಒಂದು ಕಿಲೋ. ಎಷ್ಟು ಹೊತ್ತು ಇಟ್ಟಿದ್ದೆ ಎಂದು ಯಾವ ಗಿರಾಕಿಯಾದರೂ ಕೇಳುತ್ತಾನೆಯೇ? ನಿಮ್ಮ ಇಡೀ ವಿಭಾಗ ಹದಿಮೂರು ವರ್ಷದಿಂದ ಅದೊಂದನ್ನೇ ಕೇಳುತ್ತಿದೆ. ತಟ್ಟೆಯಲ್ಲಿ ಏನಿದೆ ಎಂದು ಬಗ್ಗಿ ನೋಡಲು ನಿಮಗೆ ಅಧಿಕಾರವಿಲ್ಲವಂತೆ. ಹಾಗಾದರೆ ಇರುವ ಅಧಿಕಾರ ಯಾವುದು? ಕುಳಿತದ್ದಕ್ಕೇ ಕ್ರೆಡಿಟ್ ಎನ್ನುವುದಾದರೆ ನಿಮ್ಮ ಕಚೇರಿಯ ಮೊಗಸಾಲೆಯಲ್ಲಿ, ಕಾಲು ಮುರಿದು ಇಟ್ಟಿಗೆಯ ಆಸರೆಯಲ್ಲಿ ನಿಂತಿರುವ ಆ ಮರದ ಬೆಂಚಿಗೆ ಇಷ್ಟು ಹೊತ್ತಿಗೆ ನಾಲ್ಕಾರು ಪದವಿಗಳು ಬಂದಿರಬೇಕಿತ್ತು. ಅಷ್ಟು ತಾಳ್ಮೆಯಿಂದ ಅಲ್ಲಿ ಬೇರೆ ಯಾರೂ ಇದ್ದದ್ದನ್ನು ನಾನು ಕಂಡಿಲ್ಲ.

ಲಕೋಟೆಯ ಪೆಟ್ಟಿಗೆ ಮಾರಲು ಬಂದ ಆ ಯುವಕ ತಮಾಷೆ ಮಾಡಿರಲಿಲ್ಲ ಎಂದು ಆಮೇಲೆ ತಿಳಿಯಿತು. ಅವನ ಪೆಟ್ಟಿಗೆ ಕೊಂಡ ನಮ್ಮ ಬೀದಿಯ ಇನ್ನೊಬ್ಬ ತಾಯಿಯ ಮನೆಯಲ್ಲಿ ಲಕೋಟೆಗಳು ಅರ್ಧಕ್ಕರ್ಧ ಒಡೆದೇ ಇಲ್ಲ. ನೂರಿಪ್ಪತ್ತು ಗಂಟೆ ಅಚ್ಚಾಗಿ ಬಂದಿತ್ತು, ಸಹಿ ಮಾಡಿದರು, ಕ್ರೆಡಿಟ್ ಬಂತು. ನಾನು ಆ ತಾಯಿಯ ಮೇಲೆ ಬೆರಳು ತೋರಿಸುತ್ತಿಲ್ಲ. ಅವರಿಗೆ ಮೂರು ಮಕ್ಕಳು, ಎರಡು ಕೆಲಸ. ಸುಳ್ಳು ಹೇಳಿದವರಿಗೆ ಬಾಗಿಲು ತೆರೆದು, ನಿಜ ಹೇಳಿದವರನ್ನು ಹೊರಗೆ ನಿಲ್ಲಿಸುವ ಬಾಗಿಲನ್ನು ಮಾಡಿಸಿದವರು ನೀವು. ನನಗೆ ಹೇಸಿಗೆಯಾಗುವುದು ಅದರ ಬಗ್ಗೆ.

ಹೇಸಿಗೆಯ ಉಳಿದ ಭಾಗ ನನ್ನ ಬಗ್ಗೆ. ಅದನ್ನೂ ಹೇಳುತ್ತೇನೆ, ಅದನ್ನು ಹೇಳಲೆಂದೇ ಈ ಪತ್ರ ಬಹಿರಂಗವಾಗಿದೆ.

ಮಗಳು ಸೇರಬೇಕೆಂದಿರುವುದು ಅಳತೆ ಉಪಕರಣಗಳ ತರಬೇತಿ ಸಂಸ್ಥೆಗೆ. ಒಂಬತ್ತು ವರ್ಷದವಳಿದ್ದಾಗಿನಿಂದ ಅವಳ ಬಾಯಲ್ಲಿ ಅದೊಂದೇ ಹೆಸರು, ಅದೂ ತಡೆಯದೆ ಬರುವ ಹೆಸರು. ಹೋದ ತಿಂಗಳು ಅವರ ಪ್ರವೇಶ ಪರೀಕ್ಷೆ ಬರೆದಳು. ಗಣಿತದಲ್ಲಿ ನಲವತ್ತಕ್ಕೆ ಮೂವತ್ತೇಳು. ಸೀಟು ಕಾದಿರಿಸಿದ್ದಾರೆ. ಆದರೆ ಈ ತಿಂಗಳ ಕೊನೆಯೊಳಗೆ ಇಪ್ಪತ್ತನಾಲ್ಕು ಕ್ರೆಡಿಟ್ಟುಗಳ ಪತ್ರ ಕೊಡದಿದ್ದರೆ ಆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಬೀಜಗಣಿತ ಬರುತ್ತದೆಂದು ಪರೀಕ್ಷೆ ಮಾಡಿ ನೋಡಿದವರು, ಬೀಜಗಣಿತ ಬರುತ್ತದೆಂಬ ಕಾಗದಕ್ಕಾಗಿ, ಪರೀಕ್ಷೆ ಮಾಡುವ ಅಧಿಕಾರವೇ ಇಲ್ಲದ ನಿಮ್ಮನ್ನು ಕಾಯುತ್ತಿದ್ದಾರೆ.

ನನ್ನ ಗಂಡ ಬಸ್ಸು ಓಡಿಸುವವರು. ಅಮಾನ್ಯ ಮೊಹರು ಬಿದ್ದ ದಿನ ಮಧ್ಯಾಹ್ನ ಊಟಕ್ಕೆ ಬಂದವರು ಅದನ್ನು ನೋಡಿ, ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಬರೆದುಬಿಡೇ. ಇದರಲ್ಲಿ ಯಾರಿಗೆ ಏನು ನಷ್ಟ? ಅವಳಿಗೆ ಬರೋದು ಬಂದೇ ಬರುತ್ತಲ್ಲ" ಎಂದರು. ಅವರು ಹೋದ ಮೇಲೆ ಮಗಳು ಗ್ರಂಥಾಲಯಕ್ಕೆ ಹೋದಳು. ನಾನು ಅದೇ ಕಲ್ಲಿನ ಮೇಜಿನ ಮೇಲೆ ಹೊಸ ದಿನಚರಿ ಬಿಚ್ಚಿದೆ. ಬೇರೆಬೇರೆ ದಿನ ಬರೆದಂತೆ ಕಾಣಲಿ ಎಂದು ನೀಲಿ ಪೆನ್ನು, ಕಪ್ಪು ಪೆನ್ನು ಎರಡನ್ನೂ ಬಳಸಿದೆ. ಎಲ್ಲಾ ಕಡೆ ಎರಡು ಗಂಟೆ ಎಂದು ಬರೆದರೆ ಅನುಮಾನ ಬರುತ್ತದೆಂದು ಕೆಲವು ಕಡೆ ಒಂದು ಗಂಟೆ ಐವತ್ತು ನಿಮಿಷ, ಕೆಲವು ಕಡೆ ಎರಡು ಗಂಟೆ ಹತ್ತು ನಿಮಿಷ ಎಂದು ಹಾಕಿದೆ. ಸುಳ್ಳಿಗೆ ನಿಜದ ಬಣ್ಣ ಬಳಿಯುವುದು ನನಗೆ ಇಷ್ಟು ಸಲೀಸಾಗಿ ಬರುತ್ತದೆಂದು ಗೊತ್ತಿರಲಿಲ್ಲ. ಸರಿಯಾಗಿ ನೂರಿಪ್ಪತ್ತಕ್ಕೆ ತಂದು ನಿಲ್ಲಿಸಿದೆ.

ಕೆಲವು ವರ್ಷದ ಹಿಂದೆ ಒಬ್ಬ ಮೀನಿನ ಅಂಗಡಿಯವನು ತನ್ನ ತಕ್ಕಡಿ ತಂದು, ಮುಳ್ಳು ನಲವತ್ತು ಗ್ರಾಂ ಮುಂದಕ್ಕೆ ನಿಲ್ಲುವಂತೆ ಮಾಡಿಕೊಡು ಎಂದಿದ್ದ. "ಯಾರಿಗೂ ಗೊತ್ತಾಗಲ್ಲ ಅಕ್ಕಾ" ಎಂದಿದ್ದ. ಅವನ ತಕ್ಕಡಿಯನ್ನು ರಿಪೇರಿ ಮಾಡದೆ ಹಾಗೇ ವಾಪಸು ಕೊಟ್ಟು, ಮಾರುಕಟ್ಟೆಗೆಲ್ಲ ಕೇಳಿಸುವಂತೆ ಬೈದು ಕಳಿಸಿದ್ದೆ. ನಾನು ಆ ದಿನಚರಿ ಬರೆದ ಮಧ್ಯಾಹ್ನ ಅವನು ಬಾಗಿಲಲ್ಲಿ ನಿಂತು ನೋಡಿದ್ದರೆ ಏನು ಹೇಳುತ್ತಿದ್ದನೋ. ನಾನು ಪರೀಕ್ಷೆಯ ಕಲ್ಲುಗಳ ಪೆಟ್ಟಿಗೆಯ ಮುಚ್ಚಳ ಹಾಕಿ ಬರೆಯಲು ಕೂತಿದ್ದೆ. ಯಾಕೆ ಹಾಕಿದೆನೋ, ಅವಕ್ಕೇನು ಕಣ್ಣಿದೆಯೇ?

ಮರುದಿನ ಮೂರನೇ ಕಿಟಕಿಯಲ್ಲಿ ನಾಲ್ಕು ನಿಮಿಷದಲ್ಲಿ ಕೆಲಸವಾಯಿತು. ‘ಮಾನ್ಯ.’ "ಈಗ ಸರಿಯಾಯ್ತು ನೋಡಿ" ಎಂದು ಗುಮಾಸ್ತರು ಸಂತೋಷದಿಂದ ನಕ್ಕರು. ಅವರಿಗೆ ನಿಜವಾಗಿ ಸಂತೋಷವಾಗಿತ್ತು. ನನಗೂ ನಗು ಬಂತು, ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಮಗಳಿಗೆ ನಾನು ಹೇಳಿರಲಿಲ್ಲ. ಹೇಗೋ ಒಪ್ಪಿದರು ಎಂದಷ್ಟೇ ಅಂದೆ. ಸಂಜೆ ಅವಳು ನಿಮ್ಮ ಕಚೇರಿ ಹೊಲಿದು ಕೊಟ್ಟ ಕಡತ ಬಿಚ್ಚಿ, ಸಂಸ್ಥೆಗೆ ಕಳಿಸುವ ಮೊದಲು ಪ್ರತಿ ಪುಟವನ್ನೂ ನೋಡುತ್ತಾ ಹೋದಳು. ನನ್ನ ಮಗಳಲ್ಲವೇ, ಅವಳಿಗೂ ಅದೇ ಚಾಳಿ. ಒಂದು ಪುಟದಲ್ಲಿ ಬೆರಳಿಟ್ಟು ನಿಂತಳು.

"ಅಮ್ಮಾ, ಹನ್ನೊಂದನೇ ತಾ… ತಾರೀಕು ನಾನು ಎರಡು ಗಂಟೆ ಹತ್ತು ನಿಮಿಷ ಮನೇಲಿ ಕೂತು ಬೀಜಗಣಿತ ಮಾಡಿದೀನಿ."

ನಾನು ಮೇಜಿನ ಮೇಲಿದ್ದ ತಟ್ಟೆಯೊಂದನ್ನು ಒರೆಸತೊಡಗಿದೆ.

"ಹನ್ನೊಂದನೇ ತಾರೀಕು ಬೆಳಗಿಂದ ಸಂಜೆವರೆಗೂ ನಾನು ಸಂಸ್ಥೇಲಿ ಪ್ರವೇಶ ಪರೀಕ್ಷೆ ಬರೀತಿದ್ದೆ."

ಪರೀಕ್ಷೆಯ ಪ್ರವೇಶ ಪತ್ರ, ತಾರೀಕಿನೊಂದಿಗೆ, ಅದೇ ಕಡತದಲ್ಲಿ, ಆ ದಿನಚರಿಯ ಹಿಂದಿನ ಹಾಳೆಯೇ ಆಗಿ ಹೊಲಿದಿತ್ತು. ನಿಮ್ಮ ಕಚೇರಿ ಎರಡರ ಮೇಲೂ ಮೊಹರು ಒತ್ತಿತ್ತು. ನಿಂತ ನಲವತ್ತು ನಿಮಿಷವನ್ನು ಹುಡುಕಿ ಕಳೆದ ಕಣ್ಣುಗಳಿಗೆ ಇದು ಕಾಣಲಿಲ್ಲ.

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಕುರ್ಚಿ ಎಳೆದು ಕೂತು, ಬಹಳ ಹೊತ್ತು ಒಂದೇ ಮಾತಿಗಾಗಿ ಒದ್ದಾಡಿದಳು. ನಾನು ಕಾದೆ. ನಾವು ಅವಳ ಮಾತನ್ನು ಪೂರ್ತಿ ಮಾಡಿಕೊಡುವುದಿಲ್ಲ, ಅದು ನಮ್ಮ ಮನೆಯ ನಿಯಮ.

"ಅಲ್ಲಿ ಮೊದಲನೇ ದಿನ… ಮೊದಲನೇ ದಿನ ಸೊನ್ನೆ ಸರಿಮಾಡೋದು ಕಲಿಸ್ತಾರಂತೆ. ಈ ಕಾಗದ ಕೊಟ್ಟು ಒಳಗೆ ಹೋಗಿ, ನಾನು ಅದನ್ನ ಹೇಗಮ್ಮಾ ಕಲೀಲಿ?"

ಮಾನ್ಯರೇ, ಇದಕ್ಕೆ ಉತ್ತರವನ್ನು ನಿಮ್ಮ ಕೈಪಿಡಿಯಲ್ಲಿ ಹುಡುಕಿದೆ, ಅದರಲ್ಲಿ ಇಲ್ಲ. ಆ ರಾತ್ರಿ ಊಟದ ಹೊತ್ತಿಗೆ ಅವಳು ಸಂಸ್ಥೆಗೆ ತಾನೇ ಒಂದು ಕಾಗದ ಬರೆದು ಮುಗಿಸಿದ್ದಳು: ತನ್ನ ಇಪ್ಪತ್ತನಾಲ್ಕನೆಯ ಕ್ರೆಡಿಟ್ ಸದ್ಯಕ್ಕೆ ಇಲ್ಲ, ಬಂದಾಗ ತಿಳಿಸುತ್ತೇನೆ ಎಂದು. ಅವಳ ಅಪ್ಪ ಅದನ್ನು ಓದಿ, ಮಡಿಸಿ, ಬೆಳಗ್ಗೆ ಬಸ್ಸು ಹತ್ತುವ ಮೊದಲು ಅಂಚೆಗೆ ಹಾಕಿ ಹೋದರು.

ಈ ಪತ್ರದೊಂದಿಗೆ ನೀವು ‘ಮಾನ್ಯ’ ಎಂದು ಮೊಹರು ಒತ್ತಿದ ನೂರಿಪ್ಪತ್ತು ಗಂಟೆಯ ದಿನಚರಿಯನ್ನು ಹಿಂದಿರುಗಿಸುತ್ತಿದ್ದೇನೆ. ಅದು ಸುಳ್ಳು, ಬರೆದವಳು ನಾನು, ಮಗಳ ತಪ್ಪು ಇದರಲ್ಲಿ ಏನೂ ಇಲ್ಲ. ಇದಕ್ಕೆ ನನ್ನ ಮೇಲೆ ಏನು ಕ್ರಮವಿದೆಯೋ ಕೈಗೊಳ್ಳಿ. ಜೊತೆಗೆ ನೀವು ‘ಅಮಾನ್ಯ’ ಎಂದ ಎಪ್ಪತ್ತೊಂದು ಗಂಟೆ ಇಪ್ಪತ್ತು ನಿಮಿಷದ ದಿನಚರಿಯೂ ಇದೆ. ಅಷ್ಟೆಂದೇ ಓದಿ, ಅವಳು ನಿಂತ ನಲವತ್ತು ನಿಮಿಷವನ್ನು ಕಳೆಯಬೇಡಿ. ಅದು ನಿಜ.

ನನ್ನ ಬೇಡಿಕೆ ಒಂದೇ. ಆಸನಾವಧಿ ಎಂಬ ಪದವನ್ನು ನಿಮ್ಮ ಕೈಪಿಡಿಯಿಂದ ಕಿತ್ತುಹಾಕುವುದಕ್ಕೆ ಸಮಿತಿ, ಉಪಸಮಿತಿ, ವರ್ಷಗಟ್ಟಲೆ ಕುಳಿತುಕೊಳ್ಳುವುದು ಎಲ್ಲ ಬೇಕಾಗುತ್ತದೆ ಎಂದು ಬಲ್ಲೆ. ಅದು ಆಗುವಾಗ ಆಗಲಿ. ಈಗ ಮಾಡಬೇಕಾದದ್ದು ಒಂದು ಬೆಳಗಿನ ಕೆಲಸ. ಬರುವ ಸೋಮವಾರ ಹತ್ತು ಗಂಟೆಗೆ ನನ್ನ ಮಗಳು ನಿಮ್ಮ ಮೂರನೇ ಕಿಟಕಿಗೆ ಬರುತ್ತಾಳೆ. ತಿಂಗಳ ಕೊನೆಗೆ ಅಲ್ಲಿಂದ ಇನ್ನು ಹನ್ನೊಂದು ದಿನ ಉಳಿದಿರುತ್ತದೆ. ಬೀಜಗಣಿತ ಬಲ್ಲವರು ಯಾರಾದರೂ ನಿಮ್ಮ ಕಟ್ಟಡದಲ್ಲಿದ್ದರೆ ಅವರನ್ನು ಕರೆಸಿ, ಇಲ್ಲದಿದ್ದರೆ ಹೊರಗಿನಿಂದ ಕರೆಸಿ. ಆ ಪುಸ್ತಕದ ಯಾವ ಪುಟದಿಂದಾದರೂ, ಪುಸ್ತಕದ ಹೊರಗಿನಿಂದಾದರೂ, ಏನನ್ನಾದರೂ ಕೇಳಿ. ಕೂತು ಹೇಳು ಎಂದರೆ ಕೂತು ಹೇಳುತ್ತಾಳೆ, ನಿಂತು ಹೇಳು ಎಂದರೆ ನಿಂತು ಹೇಳುತ್ತಾಳೆ. ಬಂದರೆ ಕ್ರೆಡಿಟ್ ಕೊಡಿ. ಬರದಿದ್ದರೆ ಕೊಡಬೇಡಿ, ನಾನು ಇನ್ನೊಂದು ಸಾಲು ಬರೆಯುವುದಿಲ್ಲ.

ನೀವು ಅವಳನ್ನು ಮೊದಲು ಕೇಳುವುದು ಯಾವ ಊರು, ಅಮ್ಮ ಏನು ಮಾಡುತ್ತಾರೆ ಎಂದಿರಬಹುದು. ಈ ಸಲ ಆ ಪದವನ್ನು ಬಿಡದೆ ಹೇಳುತ್ತೇನೆ ಎಂದಿದ್ದಾಳೆ. ‘ತ’ದ ಹತ್ತಿರ ಸ್ವಲ್ಪ ಹೊತ್ತಾಗುತ್ತದೆ. ಆ ಹೊತ್ತನ್ನು ದಯವಿಟ್ಟು ಯಾರೂ ಎಣಿಸಬೇಡಿ.

ಇಂತಿ,
ಇಪ್ಪತ್ತೊಂದು ವರ್ಷದಲ್ಲಿ ಒಂದೇ ಒಂದು ಸಲ ಮುಳ್ಳನ್ನು ಬೆರಳಿನಿಂದ ಒತ್ತಿ, ಅದಕ್ಕೆ ನಿಮ್ಮಿಂದ ಮಾನ್ಯತೆ ಪಡೆದ
ತಕ್ಕಡಿಯಮ್ಮ